ಮಾವನಿಗಿಂತ ಮುಂಚೆ ಬರುವ ಸದ್ದು

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಎರಡು ಸಲ ಬರುತ್ತಿದ್ದರು. ಮೊದಲು ಅವರ ಕಾರಿನ ಸದ್ದು ಬರುತ್ತಿತ್ತು. ಕುರ್ಚಿ ಮೇಲಿನ ಬಟ್ಟೆ ಎತ್ತಿಟ್ಟು, ಕಾಫಿಗೆ ಹಾಲು ಕಾಯಿಸಿ, ತಲೆ ಬಾಚಿಕೊಳ್ಳುವಷ್ಟು ಹೊತ್ತು ಕಳೆದ ಮೇಲೆ ಮಾವ ಬರುತ್ತಿದ್ದರು. ಇಷ್ಟು ಮರ್ಯಾದಸ್ಥ ಅತಿಥಿ ನಂಜನಗೂಡಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ!

ಕಾರು ಹಳೆಯ ಡೀಸೆಲ್ ಗಾಡಿ. ಬೆನ್ನ ಮೇಲೆ ‘ಟರ್ಬೋ’ ಎಂದು ಬರೆದಿದೆ. ಕಾರು ತೊಳೆಯದಿದ್ದರೂ ಆ ಎರಡಕ್ಷರವನ್ನು ಮಾತ್ರ ಮಾವ ದಿನವೂ ಒರೆಸುತ್ತಾರೆ. ಗೇರು ಹಾಕಿ ಕಾಲೊತ್ತಿದರೆ ಸಾಕು, ಬಾನೆಟ್ಟಿನೊಳಗೆ ಯಾರೋ ಕೂತು ಕಬ್ಬಿಣ ಕುಟ್ಟಿದ ಹಾಗೆ ಟಕಟಕ ಟಕಟಕ. ಇದೇನು ಅಂತ ಕೇಳಿದರೆ, ಟರ್ಬೋ ಅಂದರೆ ಗಾಳಿ ಕುಡಿಯುವ ಇಂಜಿನ್ನು, ಗಾಳಿ ಕುಡಿದವರು ತೇಗುವುದಿಲ್ಲವೇ ಎಂದು ನಮ್ಮನ್ನೇ ತಿರುಗಿ ಕೇಳುತ್ತಿದ್ದರು.

ಒಮ್ಮೆ ಕವಲಂದೆಯ ಮದುವೆಗೆ ತಡವಾಗಿ ಹೋದರು. ಚಪ್ಪರದ ಹಿಂದೆ ಕಾರು ನಿಲ್ಲಿಸುವಾಗ ಹೊರಟ ಟಕಟಕ ಕೇಳಿ ಡೋಲಿನವರು ಗಟ್ಟಿಮೇಳವೇ ಆಯಿತೆಂದು ತಾವೂ ಜೋರಾಗಿ ಬಾರಿಸಿದರು. ಗಾಬರಿಬಿದ್ದ ಗಂಡು ಮುಹೂರ್ತಕ್ಕೆ ಮೊದಲೇ ತಾಳಿ ಕಟ್ಟಿಬಿಟ್ಟ! ಆ ಗಂಡಹೆಂಡತಿ ಇವತ್ತಿಗೂ ಅನ್ಯೋನ್ಯವಾಗಿದ್ದಾರೆ. ಅದೂ ಟರ್ಬೋ ಮಹಿಮೆಯೇ ಎನ್ನುತ್ತಾರೆ ಮಾವ.

ಮತ್ತೆ ರಿಪೇರಿ ಯಾಕೆ ಮಾಡಿಸಲಿಲ್ಲ? ಮಾವನದು ಬಾಳೆಕಾಯಿ ಮಂಡಿ. ಜೀವಮಾನವಿಡೀ ಕಾಯಿ ಹಣ್ಣಾಗುವುದನ್ನು ಕಾದವರು. ಜ್ವರ, ಜಗಳ, ಕೋರ್ಟು ಕೇಸು, ಎಲ್ಲಕ್ಕೂ ಅವರಲ್ಲಿ ಕಾಯುವುದೊಂದೇ ಮದ್ದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಆಲಿಸಿ, ತೀರ್ಪು ಕೊಡುತ್ತಿದ್ದರು.

“ಇನ್ನೂ ಕಾಯಿ ಸದ್ದು ಕಣ್ಲಾ. ಹಣ್ಣಾಗ್ಲಿ, ತಾನೇ ಉದುರ್ತದೆ.”

ಉದುರಿದ್ದು ಸೈಲೆನ್ಸರ್. ಅದನ್ನು ಸೀಟಿನ ಮೇಲೆ ಮಲಗಿಸಿಕೊಂಡು ಮನೆಗೆ ಬಂದ ದಿನ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು. ಭಾನುವಾರದೊಳಗೆ ಟಕಟಕ ನಿಲ್ಲಬೇಕು, ಇಲ್ಲವೇ ಕಾರು ಗುಜರಿಗೆ ಹೋಗಬೇಕು.

ಮಾವ ಬೆವರಿದರು. ಭಾನುವಾರ ಅಂದರೆ ಮೂಗೂರು. ಅಲ್ಲಿ ಅವರ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಮಗ ಸೊಸೆಯ ಜೊತೆ ಇದ್ದಾರೆ. ತಾಯಿಯಿಲ್ಲದ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಮೊಣಕಾಲೂ ಕೈಕೊಟ್ಟಿದೆ. ವಾರಕ್ಕೊಮ್ಮೆ ಒಂದು ಚಿಪ್ಪು ರಸಬಾಳೆ ಒಯ್ದು, ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಾಚೆ ಒಂದು ಸುತ್ತು ಗಾಳಿಗೆ ಕರೆದೊಯ್ಯದಿದ್ದರೆ ಮಾವನಿಗೆ ಊಟ ಸೇರುವುದಿಲ್ಲ.

ಶನಿವಾರ ಮಾವನೂ ನಾನೂ ಟಿ. ನರಸೀಪುರದ ಒಬ್ಬ ಮೆಕ್ಯಾನಿಕ್‌ನ ಹತ್ತಿರ ಹೋದೆವು. ಮೊದಲು ಸೈಲೆನ್ಸರ್ ಕೂರಿಸಿದ. ಆಮೇಲೆ ಕಾರಿಗೆ ಕಂಪ್ಯೂಟರ್ ಚುಚ್ಚಿ ನೋಡಿದ. ಏರ್‌ಬ್ಯಾಗ್ ಕೆಟ್ಟಿದೆ ಎಂದಿತು ಕಂಪ್ಯೂಟರು. ಆ ಕಾರಿಗೆ ಏರ್‌ಬ್ಯಾಗೇ ಇಲ್ಲ! ಟರ್ಬೋ ಮೇಲೆ ಅವನಿಗೆ ಅನುಮಾನ, ಅನುಮಾನ ಪಟ್ಟವನ ಮೇಲೆ ಮಾವನಿಗೆ ಸಿಟ್ಟು. ಕೊನೆಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರುಗಳ ವೈರನ್ನು ಒಂದೊಂದಾಗಿ ಅವನು ಬಿಚ್ಚಿ ಹಾಕುವುದು, ಮಾವ ಸ್ಕ್ರೂಡ್ರೈವರಿಗೆ ಕಿವಿಯಿಟ್ಟು ಕೇಳುವುದು ಅಂತ ರಾಜಿಯಾಯಿತು. ಮೂರನೆಯದನ್ನು ಬಿಚ್ಚಿದ ಕೂಡಲೇ ಟಕಟಕ ಗಪ್‌ಚಿಪ್ಪಾಯಿತು.

“ಇವ್ನೇ ಕಳ್ಳ ಸಾ. ಹೊತ್ತಲ್ಲದ ಹೊತ್ನಲ್ಲಿ ಡೀಸೆಲ್ ಉಗೀತಾವ್ನೆ. ಹಿಂಗೇ ಬುಟ್ರೆ ಪಿಸ್ಟನ್ ತೂತಾಯ್ತದೆ.”

“ಟರ್ಬೋ?” ಎಂದರು ಮಾವ, ಉಸಿರು ಹಿಡಿದು.

ಟರ್ಬೋ ನಿರ್ದೋಷಿ ಎಂದು ಸಾಬೀತಾಯಿತು. ಆ ಖುಷಿಗೆ ಮಾವ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಬಾಳೆಹಣ್ಣು ಹಂಚಿದರು. ಬೇರೆ ಇಂಜೆಕ್ಟರ್ ಹಾಕಿಸಿಕೊಂಡು ಸಂಜೆ ಹೊರಟಾಗ ಕಾರು ಬೆಣ್ಣೆ! ದಾರಿಯುದ್ದಕ್ಕೂ ಇಂಜಿನ್ ನಿಂತುಹೋಯಿತೇನೋ ಅಂತ ಮಾವನಿಗೇ ಗುಮಾನಿ.

ಮರುದಿನ ಮೂಗೂರಿಗೆ ನಾನೂ ಹೋದೆ. ಯಾವತ್ತೂ ನಾವು ಊರ ತಿರುವು ದಾಟಿ ಬೀದಿಗೆ ಬರುವಷ್ಟರಲ್ಲಿ ದೊಡ್ಡಮ್ಮ ಜಗಲಿಯ ಕಂಬ ಹಿಡಿದು ನಿಂತಿರುತ್ತಿದ್ದರು. ಅವತ್ತು ಜಗಲಿ ಖಾಲಿ. ಮಾವನ ಮುಖ ಬಿಳಿಚಿಕೊಂಡಿತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದರು.

ದೊಡ್ಡಮ್ಮ ಒಳ್ಳೆಯ ಸೀರೆ ಉಟ್ಟು, ಗೋಡೆಗೊರಗಿ, ರಸ್ತೆಯ ಕಡೆಗೇ ಕಿವಿಗೊಟ್ಟು ಕೂತಿದ್ದರು. ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೇಳುತ್ತಿದ್ದರು.

“ಯಾಕವ್ವ, ಇನ್ನೂ ಬರ್ನಿಲ್ವಲ್ಲ ಅವ್ನು?”

ಮಾವ ಎದುರಿಗೇ ನಿಂತಿದ್ದರು. ಮಂಡಿಯಲ್ಲಿ ಇಡೀ ಪೇಟೆಗೆ ಕೇಳುವಂತೆ ಮಾತಾಡುವವರು, ಬಂದಿವ್ನಿ ಅಕ್ಕ ಎಂದು ಮೆಲ್ಲಗೆ ಹೇಳಿದರು. ದೊಡ್ಡಮ್ಮ ಗಾಳಿಯಲ್ಲಿ ತಡಕಿ ಅವರ ಕೈ ಹಿಡಿದರು.

“ಸದ್ದೇ ಇಲ್ದೆ ಬಂದ್ಬುಟ್ಯಲ್ಲಪ್ಪ. ಕಾಪಿಗೂ ಇಡ್ನಿಲ್ಲ ನಾನು.”

 

ಮುಂದಿನ ಭಾನುವಾರ ಮೂಗೂರಿನ ತಿರುವಿನಲ್ಲಿ ಅವರು ಕಾರು ನಿಧಾನ ಮಾಡಿದರು. ಅದೇ ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಕಿಟಕಿಯಾಚೆ ಚಾಚಿ, ಬಾಗಿಲಿಗೆ ಟಕಟಕ ಟಕಟಕ ಬಾರಿಸತೊಡಗಿದರು. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಹಾರನ್ ಒತ್ತಿದರಾಗದೇ ಎಂದೆ.

“ಹಾರನ್ ಎಲ್ಲಾರ್ದೂ ಒಂದೇ ಕಣ್ಲಾ,” ಎಂದರು.

ಬೀದಿಗೆ ತಿರುಗಿದಾಗ ದೊಡ್ಡಮ್ಮ ಕಂಬ ಹಿಡಿದು ನಿಂತಿದ್ದರು. ಒಳಗಿನಿಂದ ಕಾಫಿಯ ವಾಸನೆ ಬರುತ್ತಿತ್ತು.