ಮಾವನ ಕಾರು, ಅಳಿಯನ ಕ್ಲಚ್ಚು

ಮಂದಿ ಕಾರು ನಮ್ಮ ಕೈಗೆ ಬಂದ ದಿನಾನ ಅದಕ್ಕ ಏನಾರ ಆಗಬೇಕು ಅನ್ನೋದು ಯಾವ ಗ್ರಹಚಾರನೋ ನಾ ಕಾಣೆ. ಮಾಲೀಕರ ಮನಿಯಾಗ ಅದು ವರ್ಷಗಟ್ಟಲೆ ಬೇವಿನ ಗಿಡದ ಕೆಳಗ ಸುಮ್ನ ನಿಂತಿರ್ತೈತಿ. ನಾವು ಕೀಲಿ ತಿರುವಿದ್ವಿ ಅಂದ್ರ ಸಾಕು, ಎಲ್ಲಾ ರೋಗ ಒಮ್ಮಿಗೇ ಎದ್ದು ಕುಂದ್ರತಾವು.

ಬಳ್ಳಾರಿಯಾಗ ಜೀನ್ಸ್ ಪ್ಯಾಂಟ್ ಹೊಲಿಯೋರಿಗೆ ಜಿಪ್ಪು, ಗುಂಡಿ ಮಾರೋ ಅಂಗಡಿ ನಂದು. ಪಾರ್ವತಿನಗರದಾಗ ಬಾಡಿಗಿ ಮನಿ, ಓಡಾಡಾಕ ಒಂದು ಬೈಕು. ಆದ್ರ ಮದುವಿ, ಆಸ್ಪತ್ರಿ ಅಂತ ಬಂದ್ರ ಹೆಂಡ್ತಿ ಮಕ್ಕಳನ್ನ ಬೈಕಿನ ಮ್ಯಾಗ ಪೇರಿಸಾಕ ಆಗಂಗಿಲ್ಲ ನೋಡ್ರಿ. ಆಗ ನಾನು ಬಸ್ಸು ಹತ್ತಿ ಕುರುಗೋಡಿಗೆ ಹೋಗಿ, ಹೆಂಡ್ತಿ ಅಪ್ಪನ ಕಾರು ಇಸ್ಕೊಂಡು ಬರ್ತೀನಿ. ಮಾವ ದೇವರಂಥ ಮನುಷ್ಯ. ಕೀಲಿ ಕೇಳಿದ್ರ ಇಲ್ಲ ಅನ್ನಂಗಿಲ್ಲ. ರಿಪೇರಿ ದುಡ್ಡು ಕೊಟ್ರ ತಗಳಂಗಿಲ್ಲ. ನನ್ನ ಕಷ್ಟ ಎಲ್ಲಾ ಶುರುವಾಗಿದ್ದು ಈ ಎರಡನೇದರಿಂದ.

ಕನ್ನಡಿ

ಮೊದಲ್ನೇ ಸರ್ತಿ ಕಾರು ತಗೊಂಡಿದ್ದು ತೆಕ್ಕಲಕೋಟೆಗೆ ಒಂದು ಮದುವಿಗೆ ಹೋಗಾಕ. ಎದುರಿಗೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ನಾನು ಪಕ್ಕಕ್ಕ ಸರದೆ, ಅದು ಸರೀಲಿಲ್ಲ. ಬಲಗಡಿ ಕನ್ನಡಿ ಹುಲ್ಲಿನ ಜೊತಿಗೆ ಹೋತು.

ವಾಪಸ್ ಬಂದು ಮಾವನ ಮುಂದ ದುಡ್ಡು ಹಿಡದೆ. ಅವರು ಹಾವು ಕಂಡಂಗ ಹಿಂದಕ್ಕ ಸರದ್ರು.

"ಅಳಿಯಾರ ಕಡೆ ದುಡ್ಡು ಇಸ್ಕೊಂಡ್ರ ಊರಾಗ ನಾ ಮಾರಿ ಹೆಂಗ ತೋರಸ್ಲಿ? ಮಗಳನ್ನ ಕೊಟ್ಟೀವಿ, ಒಂದು ಕನ್ನಡಿ ಏನು ದೊಡ್ಡದ್ರಿ? ಇರ್ಲಿ ಬಿಡ್ರಿ, ಅಳಿಯಾರ."

ಎಷ್ಟು ದೊಡ್ಡ ಮನಸ್ಸು ಅಂತ ನನಗ ಕಣ್ಣಾಗ ನೀರೇ ಬಂತು. ಆದ್ರ ನಮ್ಮ ಮಾವಗ ದಿನಾ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಾಗ ಚಾ ಕುಡಿಯೋ ರೂಢಿ ಐತಿ. ಅಲ್ಲಿ ಕುಂತು, ದುಡ್ಡು ಬ್ಯಾಡಂದಿದ್ದನ್ನ ಹೇಳಬೇಕಂದ್ರ ಕನ್ನಡಿ ಮುರದಿದ್ದೂ ಹೇಳಬೇಕಾಗ್ತೈತಲ್ಲ! ಸಂಜಿ ಅನ್ನೋದ್ರಾಗ ಕುರುಗೋಡಿಗೆಲ್ಲಾ ಸುದ್ದಿ ಮುಟ್ಟಿತ್ತು.

ಮುಂದಿನ ಸರ್ತಿ ಬಸ್ ಇಳದ ಕೂಡ್ಲೇ ಚಾ ಅಂಗಡಿಯವ ಕೈ ಎತ್ತಿ, "ಓಹೋ, ಕನ್ನಡಿ ಅಳಿಯಾರು ಬಂದ್ರು ಬರ್ರಿ!" ಅಂದ. ಅಲ್ಲಿಂದ ತಪ್ಪಿಸಿಕೊಂಡು ಗಡ್ಡ ಮಾಡಿಸ್ಕಳಾಕ ಕಟಿಂಗ್ ಅಂಗಡಿಗೆ ಹೋಗಿ ಕುಂತೆ. ಅವ ನನ್ನ ಮಾರಿ ನೋಡಿದ. ಎದುರಿಗೆ ಮೊಳಿಗೆ ತೂಗುಹಾಕಿದ್ದ ಕನ್ನಡಿ ಬಿಚ್ಚಿ ಒಳಗ ಇಟ್ಟು ಬಂದು, "ಹೊಸಾದು ಐತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದ.

ಬಂಪರ್

ಅವತ್ತೇ ಆಣಿ ಮಾಡಿದೆ. ಈ ಮಾವನ ಋಣ ನನಗ ಬ್ಯಾಡ. ಒಂದು ಸರ್ತಿ, ಒಂದೇ ಒಂದು ಸರ್ತಿ, ರಿಪೇರಿ ದುಡ್ಡು ನಾನು ಕೊಡಬೇಕು. ಕೊಟ್ಟು, ಕುರುಗೋಡಿನ ಬಸ್ ಸ್ಟ್ಯಾಂಡಿನಾಗ ತಲಿ ಎತ್ತಿ ನಡೀಬೇಕು.

ಅವಕಾಶಕ್ಕೇನೂ ಭಾಳ ಕಾಯಬೇಕಾಗ್ಲಿಲ್ಲ. ಪಾರ್ವತಿನಗರದ ನಮ್ಮ ಮನಿ ಮುಂದ ನಿಲ್ಲಿಸಿದ್ದ ಕಾರಿಗೆ ನೀರಿನ ಟ್ಯಾಂಕರಿನವ ಹಿಂದಕ್ಕ ಬಂದು ಬಂಪರ್ ಸೀಳಿ ಹೋದ. ನಾನು ಸದ್ದಿಲ್ಲದಂಗ ಕಾರನ್ನ ನಮ್ಮ ಗುರುತಿನ ಮಿಸ್ತ್ರಿ ಸಾಬರ ಗ್ಯಾರೇಜಿಗೆ ಒಯ್ದೆ. ಹೊಸಾ ಬಂಪರ್ ಹಾಕಿ ಬಣ್ಣ ಹೊಡೆದ್ರು. ದುಡ್ಡು ಕೊಟ್ಟೆ. ಎದಿ ಹಗುರ ಆತು.

ಸಾಬ್ರು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಕೆಲ್ಸ ಏನೋ ಬರೋಬರ್ ಆಗೇತ್ರಿ. ಆದ್ರ ಬಂಪರ್ ಮದುಮಗನಂಗ ಕಾಣ್ತೈತಿ, ಉಳಿದ ಗಾಡಿ ಮುದುಕರಂಗ ಕಾಣ್ತೈತಿ. ನಿಮ್ಮ ಮಾವಗ ಗೊತ್ತಾಗೋದು ಬ್ಯಾಡಂದ್ರ ಸ್ವಲ್ಪ ಧೂಳು ಕುಡಿಸ್ರಿ" ಅಂದ್ರು.

ಬಳ್ಳಾರಿಯಾಗ ಧೂಳಿಗೇನು ಬರ? ಅದಿರು ಲಾರಿ ಓಡಾಡೋ ದಾರಿ ಹಿಡದು ಹೋಗಿ ಬಂದೆ. ಕಾರು ಮುಂದ, ಹಿಂದ, ಮ್ಯಾಲ, ಎಲ್ಲಾ ಒಂದೇ ಕೆಂಪು. ಬಂಪರ್ ಯಾವುದು, ಬಾಗಿಲ ಯಾವುದು ನನಗಾ ತಿಳಿಯದಂಗಾತು. ಖುಷಿಯಿಂದ ಕುರುಗೋಡಿಗೆ ಒಯ್ದು ನಿಲ್ಲಿಸಿದೆ.

ಮಾವ ನೋಡಿದ್ರು. "ಅಯ್ಯಯ್ಯ, ಪಾಪ, ಎಂಥಾ ಧೂಳಾಗ ಬಂದೀರಿ! ನೀವು ಒಳಗ ಹೋಗಿ ಊಟ ಮಾಡ್ರಿ" ಅಂದವರೇ ಲುಂಗಿ ಎತ್ತಿ ಕಟ್ಟಿ, ಬಕೆಟ್ ತಗೊಂಡು ತಾವೇ ತೊಳಿಯಾಕ ನಿಂತ್ರು. ನಾನು ಕಿವಿ ಹೊರಗಿಟ್ಟು ರೊಟ್ಟಿ ಮುರದೆ. ಹೊರಗಿಂದ ಸವಕಾಶ ಧ್ವನಿ ಬಂತು:

"ಅಳಿಯಾರ, ಈ ಬಂಪರ್ ಒಂದಕ್ಕ ವಯಸ್ಸು ಕಮ್ಮಿ ಆಗೇತಲ್ಲ?"

ಮರುದಿನಾನ ಮಿಸ್ತ್ರಿ ಸಾಬ್ರು ನನ್ನ ಅಂಗಡಿಗೆ ಬಂದು ನಾ ಕೊಟ್ಟ ದುಡ್ಡು ಗಲ್ಲಾಪೆಟ್ಟಿಗಿ ಮ್ಯಾಗ ಇಟ್ರು. ಮಾವ ನಮ್ಮಾಕಿ ಕಡೆ ನಂಬರ್ ಇಸ್ಕೊಂಡು ಫೋನ್ ಹಚ್ಚಿ, ತಾವೇ ದುಡ್ಡು ಕಳಿಸಿ, ನಂದು ತಿರುಗಿ ಕೊಡಾಕ ಹೇಳಿದ್ರಂತ.

"ಯಾಕ್ರೀ ಸಾಬ್ರ, ನಿಮಗ ಅಷ್ಟು ಹೇಳಿದ್ನಲ್ಲ?" ಅಂತ ಸಿಟ್ಟು ಮಾಡಿದೆ.

ಅವರು ಟೋಪಿ ಸರಿ ಮಾಡ್ಕೊಂಡು ಅಂದ್ರು: "ಏನ್ಮಾಡ್ಲಿ ಹೇಳ್ರಿ, ನಾನೂ ಒಬ್ರ ಮನಿ ಅಳಿಯ ಅದೀನಿ. ಮಾವ ಅಂತ ಧ್ವನಿ ಕೇಳಿದ್ರ ಹೂಂ ಅಂತ ಬಾಯಿಂದ ತಾನಾ ಬರ್ತೈತ್ರಿ. ಯಾರ ಮಾವ ಅಂತ ಆಮ್ಯಾಗ ನೆನಪಾಗ್ತೈತಿ."

ಕ್ಲಚ್ಚು

ಮಾವಗ ನಾನೊಬ್ನೇ ಅಳಿಯ ಅಲ್ಲ. ದೊಡ್ಡ ಮಗಳನ್ನ ಸಿರುಗುಪ್ಪಕ್ಕ ಕೊಟ್ಟಾರ. ಆಕಿ ಗಂಡ ನನಗ ಸಡ್ಡಕ. ನಾನು ಅಣ್ಣ ಅಂತೀನಿ. ಅಣ್ಣಂದು ಭತ್ತದ ವ್ಯಾಪಾರ. ಅವರು ಕಾರು ತಗೊಂಡ್ರು ಅಂದ್ರ ಅದು ಕಾರಾಗಿ ಉಳಿಯಂಗಿಲ್ಲ, ಲಗೇಜ್ ಆಟೋ ಆಗ್ತೈತಿ.

ಒಮ್ಮಿ ಅಣ್ಣ ಹಚ್ಚೊಳ್ಳಿಯಿಂದ ಅಕ್ಕಿ ಚೀಲ ಹೇರ್ಕೊಂಡು, ಕಾಲುವಿ ದಂಡಿ ಮ್ಯಾಗ ಹೊಯ್ದಾಡಿಸಿ ಕಾರು ತಂದು ಕುರುಗೋಡಿನಾಗ ನಿಲ್ಲಿಸಿದ್ರು. ಮರುದಿನ ನಾನು ತಗೊಂಡು ಹೊಂಟೆ. ಊರು ದಾಟಿದ ಮ್ಯಾಗ ಕ್ಲಚ್ಚು ಕೈ ಕೊಡ್ತು. ಕ್ಲಚ್ ಪ್ಲೇಟ್ ಸುಟ್ಟು ಬೂದಿ. ಮಾವ ಎಂದಿನಂಗ ಬಿಲ್ಲು ತಾವೇ ಕೊಟ್ಟು, "ಇರ್ಲಿ ಬಿಡ್ರಿ" ಅಂದು, ಚಾ ಕುಡಿಯಾಕ ಹೋದ್ರು.

ನಾನು ಅಣ್ಣಗ ಫೋನ್ ಹಚ್ಚಿದೆ. "ಅಣ್ಣಾ, ನ್ಯಾಯ ನೀವೇ ಹೇಳ್ರಿ. ಚೀಲ ಹೇರಿದ್ದು ನೀವು. ಊರಾಗ ಹೆಸರು ಕೆಟ್ಟಿದ್ದು ನಂದು."

"ತಮ್ಮಾ, ಹಂಗಲ್ಲ ಅದು," ಅಂದ್ರು ಅಣ್ಣ. "ನನ್ನ ಕಾಲಾಗ ಅದು ಬರೇ ಸವದೈತಿ. ಸತ್ತಿದ್ದು ನಿನ್ನ ಕಾಲಾಗ. ಕೇಸು ಯಾರ ಮ್ಯಾಗ ಆಗ್ತೈತಿ ನೀನಾ ಹೇಳು."

ಕಡೀಗೆ ನಮ್ಮಾಕಿ ಫೋನ್ ಕಸ್ಕೊಂಡು ಅಕ್ಕನ ಜೊತಿ ಮಾತಾಡಿದ್ಲು. ಗಂಡಸರು ಅರ್ಧ ತಾಸು ಜಗಳಾಡಿದ್ದನ್ನ ಅಕ್ಕ ತಂಗಿ ಎರಡು ಮಾತಿನಾಗ ಮುಗಿಸಿದ್ರು. ಅಪ್ಪ ಕೊಟ್ಟ ಬಿಲ್ಲು ತಿರುಗಿ ಕೊಡೋದು, ಅರ್ಧ ಅವರದು, ಅರ್ಧ ನಮ್ದು.

ನಾಕು ದಿನಕ್ಕ ಅಣ್ಣ ನಮ್ಮ ಮನಿ ಮುಂದ ಬಂದು ನಿಂತ್ರು. "ತಮ್ಮಾ, ನನ್ನ ಪಾಲಿಗೆ ಸೋನಾ ಮಸೂರಿ ತಂದೀನಿ, ವರ್ಷಕ್ಕಾಗೋಷ್ಟು! ಅರ್ಧ ಕ್ಲಚ್ಚಿಗೆ ಲೆಕ್ಕ ಸರಿ ಹೋತು, ಮಾವಗ ದುಡ್ಡು ನೀನಾ ಕೊಡು" ಅಂದ್ರು. ಪರವಾಗಿಲ್ಲ, ಮನುಷ್ಯ ಮಾತಿಗೆ ನಿಂತಾನ ಅಂತ ಚೀಲ ಇಳಿಸಾಕ ಹೊರಗ ಬಂದೆ. ನೋಡಿದ್ರ ಚೀಲ ಬಂದಿದ್ದು ಮಾವನ ಕಾರಿನಾಗ. ಹೊಸಾ ಕ್ಲಚ್ಚಿನಿಂದ ಆಗಲೇ ಸುಟ್ಟ ವಾಸನಿ ಬರಾಕತ್ತಿತ್ತು.

ಆಯೇರಿ

ಅಕ್ಕಿ ನಡಿಯಂಗಿಲ್ಲ, ದುಡ್ಡೇ ಇಡಬೇಕು ಅಂತ ಅಕ್ಕ ತಂಗಿ ಮತ್ತ ಹುಕುಂ ಮಾಡಿದ್ರು. ಆದ್ರ ಮಾವ ತಗೊಂಬೇಕಲ್ಲ? ಅದಕ್ಕೂ ನಮ್ಮಾಕಿನೇ ದಾರಿ ಹುಡುಕಿದ್ಲು.

ಮಾವ ಮನಿ ಮ್ಯಾಗ ಹೊಸಾ ಮಾಳಿಗಿ ಕಟ್ಟಿಸಿದ್ರು. ಅದರ ಗೃಹಪ್ರವೇಶ ಇತ್ತು. "ಅವತ್ತು ಆಯೇರಿ ಮಾಡೋಣು," ಅಂದ್ಲು. ನಮ್ಮ ಕಡೆ ಕಾರ್ಯದಾಗ ಬಂಧು ಬಳಗ ಮುಯ್ಯಿ ಮಾಡೋದಕ್ಕ ಆಯೇರಿ ಅಂತೀವಿ. ಬಟ್ಟಿ ಇಡಬೌದು, ದುಡ್ಡು ಇಡಬೌದು. ಯಾರು ಎಷ್ಟು ಮಾಡಿದ್ರು ಅಂತ ಮೈಕಿನಾಗ ಕೂಗ್ತಾರ. ಮುಖ್ಯ ಏನಂದ್ರ, ಆಯೇರಿ ಬ್ಯಾಡ ಅನ್ನಂಗಿಲ್ಲ. ಬ್ಯಾಡಂದ್ರ ಕಾರ್ಯಕ್ಕ ಕೆಟ್ಟದ್ದು.

ಎಂಥಾ ತಲಿ ನಮ್ಮಾಕಿದು! ಬಿಲ್ಲಿನ ಅರ್ಧ ದುಡ್ಡು, ಒಂದು ರೂಪಾಯಿ ಆ ಕಡೆ ಈ ಕಡೆ ಆಗದಂಗ ಕವರಿನಾಗ ಹಾಕಿದೆ. ಅಣ್ಣನೂ ಹಂಗಾ ಹಾಕಿ ತಂದ್ರು.

ಶಾಮಿಯಾನ, ಮೈಕ್ ಸೆಟ್ಟು ಎಲ್ಲಾ ನಮ್ಮ ಅತ್ತಿಯವರ ತಮ್ಮಂದು. ಕೂಗೋರೂ ಅವರೇ. ಐನೂರ ಒಂದು, ಸಾವಿರದ ಒಂದು, ಎರಡು ಸಾವಿರದ ಒಂದು, ಹಿಂಗ ಕೂಗ್ಕೊಂತ ಬಂದವರು ನನ್ನ ಕವರ್ ಬಿಚ್ಚಿ ಎಣಿಸಿ, ಮತ್ತೊಮ್ಮಿ ಎಣಿಸಿದ್ರು.

"ಬಳ್ಳಾರಿ ಅಳಿಯಾರಿಂದ ಮಾವಾರಿಗೆ ಆಯೇರಿ... ಮೂರು ಸಾವಿರದ ಎಂಟುನೂರ ನಲವತ್ತು!"

ಶಾಮಿಯಾನದಾಗ ಗುಜುಗುಜು ಆತು. ಒಂದರ ಮ್ಯಾಗ ಮುಗಿಯೋ ಆಯೇರಿ ಎಲ್ಲರೂ ಕಂಡಾರ. ನಲವತ್ತರ ಮ್ಯಾಗ ಮುಗಿಯೋದು ಯಾರು ಕಂಡಾರ? ಅಷ್ಟ್ರಾಗ ಮೈಕು ಮತ್ತ ಕೂಗ್ತು.

"ಸಿರುಗುಪ್ಪ ಅಳಿಯಾರಿಂದ... ಇವರದೂ ಮೂರು ಸಾವಿರದ ಎಂಟುನೂರ ನಲವತ್ತಾ ಐತ್ರೀ!"

ಹಿಂದಿನ ಸಾಲಿನಾಗಿಂದ ಚಾ ಅಂಗಡಿಯವ ಎದ್ದು ನಿಂತು ಚೀರಿದ: "ಎರಡೂ ಕೂಡಿಸ್ರಪಾ! ಕ್ಲಚ್ ಪ್ಲೇಟಿನ ಬಿಲ್ಲು ಸರಿ ಆಗ್ತೈತಿ!"

ಬಿಲ್ಲು ಊರಿಗೆಲ್ಲಾ ಬಾಯಿಪಾಠ ಇತ್ತು. ನಕ್ಕ ನಗುವಿಗೆ ಶಾಮಿಯಾನ ಅಳ್ಳಾಡ್ತು. ಮಾವ ಎದ್ರು. ಮಾರಿ ಕೆಂಪಗಾಗಿತ್ತು. ಮೈಕ್ ತಮ್ಮ ಕೈಗೆ ತಗೊಂಡ್ರು. ಇವತ್ತಿಗೆ ಬೀಗತನ ಮುಗೀತು ಅಂತ ನಾನು ಕಣ್ಣು ಮುಚ್ಚಿದೆ.

"ಕೇಳ್ರಪ್ಪಾ ಎಲ್ಲಾರೂ," ಅಂದ್ರು ಮಾವ. "ಆಯೇರಿ ಬ್ಯಾಡನ್ನಾಕ ಬರಂಗಿಲ್ಲ, ತಗೊಂಡೀನಿ. ನಮ್ಮ ಅಳಿಯಂದ್ರು ಭಾರೀ ಶಾಣ್ಯಾ ಅದಾರ. ಅವರ ಬಾಕಿ ಇವತ್ತಿಗೆ ಮುಗೀತು. ಇನ್ನಮ್ಯಾಗ ಕನ್ನಡಿ ಅಳಿಯ, ಬಂಪರ್ ಅಳಿಯ ಅಂತ ಯಾರಾರ ಅಂದ್ರ ನಾ ಸುಮ್ನಿರಂಗಿಲ್ಲ!"

ಚಪ್ಪಾಳಿ ಬಿತ್ತು. ನಾನು ತಲಿ ಎತ್ತಿದೆ, ಎಷ್ಟು ವರ್ಷದ ಮ್ಯಾಗ! ಹೆಂಡ್ತಿ ಮಾರಿ ನೋಡಿದ್ರ ಹುಣ್ಣಿವಿ ಚಂದ್ರ. ಊಟ ಆದಮ್ಯಾಗ ಹೊರಡಾಕ ನಿಂತ್ವಿ. ಮಾವ ಇನ್ನೂ ಮೈಕ್ ಹಿಡದು, ಉಣ್ಣಾಕ ಬರ್ರಿ ಅಂತ ಊರಿಗೆಲ್ಲಾ ಕರೀತಿದ್ರು. ಹಂಗಾ ಒಂದು ಕೈಲೆ ಕಿಸೆಯಿಂದ ಕೀಲಿ ತಗದು, "ಬಸ್ಸಿಗ್ಯಾಕ? ಕಾರು ತಗೊಂಡು ಹೋಗ್ರಿ" ಅಂತ ಸನ್ನಿ ಮಾಡಿದ್ರು.

ಋಣ ಇಲ್ಲದ ಮನುಷ್ಯನ ಖುಷಿನೇ ಬ್ಯಾರೆ. ಕುಂತೆ, ಗಾಡಿ ಚಾಲೂ ಮಾಡಿದೆ, ಊರಿಗೆಲ್ಲಾ ಕೈ ಬೀಸ್ಕೊಂತ ರಿವರ್ಸ್ ಹಾಕಿದೆ. ಹಿಂದ ಶಾಮಿಯಾನದ ಕಂಬ ಇದ್ದದ್ದು ಕನ್ನಡಿಯಾಗ ಕಾಣ್ತಿತ್ತು. ನಾನು ನೋಡಿದ್ದು ಚಾ ಅಂಗಡಿಯವನ ಮಾರಿ. ಕಂಬ ಬಿತ್ತು. ಅದರ ಹಿಂದ ಇನ್ನೊಂದು. ಇಡೀ ಬಟ್ಟಿ ಸವಕಾಶ ಇಳದು, ಮಾವನ್ನ, ಅಣ್ಣನ್ನ, ಅತ್ತಿಯವರ ತಮ್ಮನ್ನ ಎಲ್ಲಾರನ್ನೂ ಮುಚ್ಚಿಕೊಳ್ತು. ಕಾರಿನ ಹಿಂದಿನ ದೀಪ ನುಚ್ಚುನೂರು. ಪುಣ್ಯಕ್ಕ ಯಾರಿಗೂ ಏನೂ ಆಗಲಿಲ್ಲ.

ಇಷ್ಟು ವರ್ಷ ನನ್ನ ಸುದ್ದಿ ಕುರುಗೋಡಿಗೆಲ್ಲಾ ಮುಟ್ಟಾಕ ಸಂಜಿತನಕ ಬೇಕಾಗ್ತಿತ್ತು. ಅವತ್ತು ಮಾತ್ರ, ಮಾಳಿಗಿ ಮ್ಯಾಗ ಕಟ್ಟಿದ್ದ ನಾಕೂ ಸ್ಪೀಕರಿನಾಗ, ಆ ಬಟ್ಟಿ ಕೆಳಗಿಂದ ಮಾವನ ಧ್ವನಿ ಒಮ್ಮಿಗೇ ಊರ ತುಂಬ ಕೇಳಿಸ್ತು:

"ಇರ್ಲಿ ಬಿಡ್ರಿ, ಅಳಿಯಾರ!"