ಇಪ್ಪತ್ತೆರಡು ‘ಇಲ್ಲ’ಗಳು

ಆ ಬೆಳಗಿನ ರಾದ್ಧಾಂತಕ್ಕೆಲ್ಲ ಕಾರಣ ಕೆಳಮನೆಯ ಗುಮಾಸ್ತರ ಒಳ್ಳೆಯತನ. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅವರ ಕೈಗೆ ಫಾರಂ ತುಂಬುವ ತೀಟೆ ಬಿಟ್ಟಿರಲಿಲ್ಲ. ಕಟ್ಟಡದಲ್ಲಿ ಯಾರದೇ ಅರ್ಜಿಯಿರಲಿ, ಇವರೇ ತುಂಬಬೇಕು. ಬೇಡವೆಂದವರ ಮನೆಗೂ ಪೆನ್ನು ಹಿಡಿದು ಬರುತ್ತಿದ್ದರು.

ಮೊದಲ ಮಹಡಿಯ ಪೇಂಟರ್ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಎರಡು ವರ್ಷದ ಹಿಂದೆ ಅಂಗಡಿಯ ಬೋರ್ಡು ಬರೆಯುತ್ತ ಏಣಿಯಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಹೆಂಡತಿ ಮಕ್ಕಳೆಂಬ ದಿಕ್ಕಿಲ್ಲ. ನೆರವಿನ ಇಲಾಖೆಯವರು ದಿನಕ್ಕೆ ಎರಡು ಗಂಟೆ ಒಬ್ಬ ಆರೈಕೆಯವನನ್ನು ಕಳಿಸುತ್ತಿದ್ದರು. ಐವತ್ತು ದಾಟಿದ ಆಳು, ಹಿಂದೆ ಲಾರಿ ಓಡಿಸುತ್ತಿದ್ದವನು. ಹಾಗಾಗಿ ಎಲ್ಲರ ಬಾಯಲ್ಲೂ ‘ಲಾರಿ’. ಪೇಂಟರನನ್ನು ಹೊತ್ತು ಮೆಟ್ಟಿಲಿಳಿಸಿ, ಗಾಲಿಕುರ್ಚಿಯಲ್ಲಿ ಈಜುಕೊಳಕ್ಕೆ ತಳ್ಳಿಕೊಂಡು ಹೋಗಿ, ನೀರಿಗೆ ಬಿಟ್ಟು, ದಡದಲ್ಲಿ ನಿಂತು ಬೈಯುವುದು ಅವನ ಕೆಲಸ. ಹನ್ನೊಂದು ತಿಂಗಳು ಆ ಬೈಗುಳ ತಿಂದು ಪೇಂಟರನ ತೋಳುಗಳು ಗಟ್ಟಿಯಾಗಿದ್ದವು. ಈಗ ಬಟ್ಟೆಯನ್ನು ತಾನೇ ಹಾಕಿಕೊಳ್ಳುತ್ತಿದ್ದ, ಹಾಸಿಗೆಯಿಂದ ಕುರ್ಚಿಗೆ ತಾನೇ ಜಾರುತ್ತಿದ್ದ. ಇವತ್ತು ಕೊಳವನ್ನು ಈ ಗೋಡೆಯಿಂದ ಆ ಗೋಡೆಗೆ, ಯಾರ ಕೈಯೂ ತಾಗದೆ ದಾಟಲೇಬೇಕೆಂದು ಇಬ್ಬರೂ ಹಟ ಹಿಡಿದಿದ್ದರು.

ಹೊರಡುವಷ್ಟರಲ್ಲಿ ಗುಮಾಸ್ತರು ವಕ್ಕರಿಸಿದರು.

“ಹತ್ತು ಗಂಟೆಗೆ ಇಲಾಖೆ ಇನ್‌ಸ್ಪೆಕ್ಟರಮ್ಮ ಬರ್ತಾರೆ. ಆರೈಕೆ ಮುಂದುವರಿಸೋದಾ ಬೇಡ್ವಾ ಅಂತ ಇವತ್ತೇ ತೀರ್ಮಾನ. ಇಪ್ಪತ್ತೆರಡು ಪ್ರಶ್ನೆ ಇದೆ, ಎಲ್ಲದಕ್ಕೂ ‘ಇಲ್ಲ’ ಅಂತ ಬರ್ದಿದೀನಿ. ನೀನೊಂದು ಸಹಿ ಹಾಕು.”

ಪೇಂಟರ್ ಓದಿದ. “‘ಚಮಚ ಎತ್ತಬಲ್ಲರೇ?’ ಇಲ್ಲ. ‘ಮಾತನಾಡಬಲ್ಲರೇ?’ ಇಲ್ಲ. ಅಲ್ಲ ಸ್ವಾಮಿ, ನಾನು ಬದುಕಿದೀನಾ ಇಲ್ವಾ?”

“ಅದನ್ನ ಅವ್ರು ಕೇಳಿಲ್ಲ. ನೀನು ಚೂರು ಗೆಲುವಾಗಿದೀಯ ಅಂತ ಗೊತ್ತಾದ್ರೆ ಸಾಕು, ಲಾರೀನ ಕಿತ್ಕೋತಾರೆ. ಆಮೇಲೆ ಈ ಛಾವಣಿ ನೋಡ್ಕೊಂಡು ಬಿದ್ದಿರು.”

ಲಾರಿ ಬರುವುದಕ್ಕೆ ಮುಂಚಿನ ಆ ಒಂದು ವರ್ಷವನ್ನು ಪೇಂಟರ್ ಮರೆತಿರಲಿಲ್ಲ. ಇನ್ನೊಮ್ಮೆ ಹಾಗೆ ಬಿದ್ದುಕೊಳ್ಳುವುದಕ್ಕಿಂತ ಏಣಿಯಿಂದ ಇನ್ನೊಮ್ಮೆ ಬೀಳುವುದೇ ವಾಸಿ. ಪೆನ್ನು ಇಸಿದುಕೊಂಡು ಸಹಿ ಹಾಕಿದ.

“ಒಂಬತ್ತೂವರೆಗೆಲ್ಲ ವಾಪಸ್ ಬರೋಣ,” ಎಂದ ಲಾರಿ. “ಹತ್ತಕ್ಕೆ ನೀನು ಹೆಣದ ಥರ ಮಲ್ಕೋ. ಅಳೋದು ನನಗೆ ಬಿಡು.”

ಒಂಬತ್ತಕ್ಕೆ ಪೇಂಟರ್ ಕೊಳದ ಗೋಡೆ ಬಿಟ್ಟ. ಕಾಲುಗಳು ಒದ್ದೆ ಬಟ್ಟೆಯ ಹಾಗೆ ಹಿಂದೆ ಜೋಲಾಡುತ್ತಿದ್ದವು. ಅರ್ಧ ದಾಟಿತು, ಮುಕ್ಕಾಲು ದಾಟಿತು.

“ಎಳಿಯೋ! ಗೇರ್ ಹಾಕೋ! ಕೆಟ್ಟು ನಿಂತ ಗಾಡೀನೂ ಇದಕ್ಕಿಂತ ಜೋರಾಗಿ ಹೋಗುತ್ತೆ!” ಎಂದು ಲಾರಿ ದಡದಗುಂಟ ಓಡುತ್ತಿದ್ದ.

ಇನ್ನು ನಾಲ್ಕು ಬೀಸು ಇದೆಯೆನ್ನುವಾಗ ಪೇಂಟರ್ ಉಸಿರಿಗೆಂದು ತಲೆ ಎತ್ತಿದ. ಬಾಗಿಲಲ್ಲಿ ಇನ್‌ಸ್ಪೆಕ್ಟರಮ್ಮ ನಿಂತಿದ್ದರು.

ಆಗಿದ್ದಿಷ್ಟು. ಆಕೆ ಒಂದೂಕಾಲು ಗಂಟೆ ಮುಂಚೆಯೇ ಬಂದಿದ್ದರು. ಮೆಟ್ಟಿಲಲ್ಲಿ ಸಿಕ್ಕ ಗುಮಾಸ್ತರನ್ನು ‘ಪೇಂಟರ್ ಎಲ್ಲಿ?’ ಎಂದು ಕೇಳಿದರು. ಗುಮಾಸ್ತರು ಕಾಗದದ ಮೇಲೆ ಎಂಥ ಸುಳ್ಳನ್ನಾದರೂ ಬರೆದಾರು, ಬಾಯಲ್ಲಿ ಒಂದೂ ಬಾರದು. “ಈಜೋಕೆ ಹೋಗಿದಾನೆ,” ಎಂದುಬಿಟ್ಟರು. ಈಗ ಆಕೆಯ ಬೆನ್ನ ಹಿಂದೆ ನಿಂತು, ಎರಡೂ ಕೈಯಲ್ಲಿ ‘ಮುಳುಗು, ಮುಳುಗು’ ಎಂದು ಸನ್ನೆ ಮಾಡುತ್ತಿದ್ದರು.

ಪೇಂಟರನಿಗೆ ಅಳು ಒತ್ತರಿಸಿ ಬಂತು. ಹನ್ನೊಂದು ತಿಂಗಳು ಕನಸು ಕಂಡ ಗೋಡೆ, ಇಗೋ, ಕೈಯಳತೆಯಲ್ಲಿದೆ. ಮುಟ್ಟಿದರೆ ಲಾರಿ ಇಲ್ಲ. ಲಾರಿ ಇಲ್ಲದಿದ್ದರೆ ನಾಳೆ ಕೊಳವೇ ಇಲ್ಲ. ಅವನು ಕೈಚೆಲ್ಲಿ ಮುಳುಗಿದ.

ನಟನೆ ಅಗತ್ಯಕ್ಕಿಂತ ಚೆನ್ನಾಗಿ ಬಂತು. ಬಾಗಿಲಿಗೆ ಬೆನ್ನು ಹಾಕಿದ್ದ ಲಾರಿ “ಅಯ್ಯೋ ನನ್ನಪ್ಪಾ!” ಎಂದು ಚಪ್ಪಲಿ ಸಮೇತ ನೀರಿಗೆ ಹಾರಿದ. ಲಾರಿಗೆ ಈಜು ಬಾರದು ಎಂಬುದು ಆಗಲೇ ಎಲ್ಲರಿಗೂ ತಿಳಿದದ್ದು. ಕೊಳದ ಕಾವಲಿನವನು ಇನ್ನೂ ಸೀಟಿ ಹುಡುಕುತ್ತಿದ್ದ.

ನೀರಿನೊಳಗೆ ಪೇಂಟರ್ ಕಣ್ಣು ಬಿಟ್ಟ. ಎದುರಿಗೆ ಲಾರಿ ಗುಳುಗುಳು ಎನ್ನುತ್ತ ಕೆಳಗಿಳಿಯುತ್ತಿದ್ದ. ನಟನೆ, ಫಾರಂ ಎಲ್ಲ ಮರೆತುಹೋಯಿತು. ಕಾಲರ್ ಹಿಡಿದು, ಒಂದೇ ತೋಳಿನಲ್ಲಿ ನೀರು ಬಗೆದು, ಅವನನ್ನು ಗೋಡೆಗೆ ತಂದು ಬಡಿದ.

“ಸತ್ತೆ ಅಂದ್ಕೊಂಡ್ನಲ್ಲೋ, ಪಾಪಿ!” ಲಾರಿ ಕೆಮ್ಮುತ್ತ ಅಳುತ್ತಿದ್ದ.

“ಈಜು ಬರಲ್ಲ ಅಂತ ಹೇಳೋಕೆ ನಿನಗೇನು ರೋಗ?” ಪೇಂಟರನೂ ಅಳುತ್ತಿದ್ದ.

ಇನ್‌ಸ್ಪೆಕ್ಟರಮ್ಮ ಬಂದು ದಡದಲ್ಲಿ ಕುಕ್ಕರುಗಾಲಲ್ಲಿ ಕೂತರು. ಪೇಂಟರ್ ಗೋಡೆಗೆ ಮೊಣಕೈ ಊರಿ ಕೈಮುಗಿದ. “ತಪ್ಪಾಯ್ತು ತಾಯಿ. ನನಗೆ ಈಜೋಕೆ ಬರುತ್ತೆ. ಆದ್ರೆ ಇವನನ್ನ ಮಾತ್ರ ಕಿತ್ಕೋಬೇಡಿ.”

“ಕಿತ್ಕೋತೀವಿ ಅಂತ ಯಾರ್ರೀ ಹೇಳಿದ್ದು? ನೀರಲ್ಲಿ ಈಜೋದು ಬೇರೆ, ಮೆಟ್ಟಿಲು ಇಳಿಯೋದು ಬೇರೆ. ನಿಮ್ಮ ಹಾಗೆ ಸುಧಾರಿಸ್ತಿರೋರಿಗೆ ದಿನಕ್ಕೆ ಇನ್ನೊಂದು ಗಂಟೆ ಜಾಸ್ತೀನೇ ಕೊಡ್ತೀವಿ. ಫಾರಂನಲ್ಲಿ ನಿಜ ಬರೆದಿದ್ರೆ ಸಾಕು.”

ಹಿಗ್ಗಿದ ಪೇಂಟರನಿಗೆ ಮರುಕ್ಷಣವೇ ಫಾರಂ ನೆನಪಾಯಿತು. “ಅದ್ರಲ್ಲಿ ಬರೀ ಸುಳ್ಳಿದೆ ತಾಯಿ, ಹರಿದು ಹಾಕಿ!”

“ಹೆದರ್ಕೋಬೇಡ ಕಣೋ!” ಗುಮಾಸ್ತರು ಫಾರಂ ಹಿಡಿದು ಮುಂದೆ ಬಂದರು. ಮುಖ ಬೆಳಗುತ್ತಿತ್ತು. “ಸುಳ್ಳು ಹೇಳಿಕೆ ಅಂತ ನಿನ್ನ ಜೈಲಿಗೆ ಹಾಕಿಬಿಟ್ರೆ ಅಂತ ನನಗೂ ಭಯ ಆಯ್ತು. ನೀನು ಇವನನ್ನ ಎಳೀತಿದ್ದಾಗ್ಲೇ ನಾನು ತಿದ್ದಿಬಿಟ್ಟೆ. ಇಪ್ಪತ್ತೆರಡಕ್ಕೂ ‘ಹೌದು’! ಫೋಟೋ ತೆಗೆದು ಇಲಾಖೆಗೂ ಕಳಿಸಾಯ್ತು.”

ಇನ್‌ಸ್ಪೆಕ್ಟರಮ್ಮ ಫಾರಂ ಕಿತ್ತುಕೊಂಡು ಓದಿದರು. “‘ಮೆಟ್ಟಿಲು ಇಳಿಯಬಲ್ಲರೇ?’ ಹೌದು. ‘ಓಡಬಲ್ಲರೇ?’ ಹೌದು. ‘ಭಾರ ಹೊರಬಲ್ಲರೇ?’ ಹೌದು, ಒಬ್ಬ ಆಳಿನಷ್ಟು.” ಅಷ್ಟರಲ್ಲಿ ಆಕೆಯ ಫೋನು ಟಿಣ್ ಎಂದಿತು. ಇಲಾಖೆಯಲ್ಲಿ ಫಾರಂ ಓದುವುದು ಯಂತ್ರ. ಅದಕ್ಕೆ ಪುರುಸೊತ್ತು ಬೇಕಿಲ್ಲ. ಆಕೆ ನೋಡಿ ತಲೆ ತಗ್ಗಿಸಿದರು.

“ಆರೈಕೆ ಈಗಿಂದ್ಲೇ ರದ್ದು. ಮತ್ತೆ ಅರ್ಜಿ ಹಾಕೋಕೆ ಒಂದು ವರ್ಷ ಕಾಯ್ಬೇಕು. ನನ್ನ ಕೈಲಿ ಏನೂ ಇಲ್ಲ ಇವ್ರೇ.” ಆಮೇಲೆ ಲಾರಿಯ ಕಡೆ ತಿರುಗಿ, “ಹನ್ನೊಂದಕ್ಕೆ ನಿಮಗೆ ಬೇರೆ ಮನೆ,” ಎಂದರು.

ಲಾರಿ ಪೇಂಟರನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಬೆಲ್ಟು ಬಿಗಿದು, ತಲೆ ಒರೆಸಿದ. ಒರೆಸಿದ ತಲೆಯನ್ನೇ ಮತ್ತೆ ಮತ್ತೆ ಒರೆಸಿದ. ಕೊನೆಗೆ ಟವೆಲು ಅವನ ತೊಡೆಯ ಮೇಲಿಟ್ಟು, ನೀರು ಸುರಿಸುತ್ತ ಹೊರಟುಹೋದ.

ಗುಮಾಸ್ತರು ಬಂದು ಕುರ್ಚಿಯ ಹಿಡಿ ಹಿಡಿದರು.

“ಬಿಡೋ, ನಾನಿಲ್ವಾ? ಇವತ್ತು ಈ ಕಾವಲಿನವನ ಕೈಲಿ ನಿನ್ನ ಮಹಡಿಗೆ ಹೊರಿಸ್ತೀನಿ. ನಾಳೆಯಿಂದ ದಿನಾ ಎರಡು ಗಂಟೆ ನಿನ್ನ ಜೊತೆ ನಾನಿರ್ತೀನಿ. ನನ್ನ ಸೊಂಟ ಭಾರ ತಡೆಯಲ್ಲ, ಅದಕ್ಕೇ ಮೆಟ್ಟಿಲೂ ಬೇಡ, ನೀರೂ ಬೇಡ. ಒಳಗೇ ಬೆಚ್ಚಗೆ ಕೂತ್ಕೊಂಡು ಮುಂದಿನ ವರ್ಷದ ಫಾರಂ ಈಗ್ಲೇ ತುಂಬೋಣ.”