ಹೆಸರು ಹೇಳದ ಸಬ್ಜೆಕ್ಟು

ಯಲಬುರ್ಗಾ ಕಡೆ ಒಂದು ಸರಕಾರಿ ಹೈಸ್ಕೂಲಿನ್ಯಾಗ ನಾನು ಇಂಗ್ಲಿಷ್ ಮಾಸ್ತರ. ವ್ಯಾಕರಣ ಕಲಸಾಕ ನಿಂತಾಗೆಲ್ಲಾ ಇಂಥಾವು ನಡೀತಾವು. ನಾನೇನು ಹುಡುಕ್ಕೊಂತ ಹೋಗೂದಿಲ್ಲ.

೧. ಒಡೆದವರು ಯಾರು?

"ಕೆಲಸ ಮಾಡಿದಾವ ಸಬ್ಜೆಕ್ಟು, ಉಳಿದದ್ದೆಲ್ಲಾ ಪ್ರೆಡಿಕೇಟು" ಅಂತ ಹತ್ತನೇ ಕ್ಲಾಸಿಗೆ ಹೇಳಿದೆ. ಹಿಂದಿನ ದಿನ ಕ್ಲಾಸಿನ ಕಿಟಕಿ ಗಾಜು ಒಡದಿತ್ತು. "ಅದರ ಮ್ಯಾಲೇ ಒಂದು ವಾಕ್ಯ ಬರೀರಿ" ಅಂದೆ. ಒಡದಾವ ತಾನಾಗೇ ಸಿಗತಾನ ಅಂತ ನನ್ನ ಹಂಚಿಕಿ. ನಲವತ್ತು ನೋಟ್‌ಬುಕ್ ನೋಡಿದೆ. ನಲವತ್ತರಾಗೂ ಗಾಳಿ ಬಂದು ಗಾಜು ಒಡದಿತ್ತು.

ಅವತ್ತು ಬೇವಿನ ಗಿಡದ ಎಲಿ ಸುದ್ದಾ ಅಲುಗಿರಲಿಲ್ಲ.

೨. ಸಂತಿಗೆ ಹೋಗ್ಯಾರ

ನಮ್ಮ ಸಾಲ್ಯಾಗ ಬಿಸಿಯೂಟ ಮಾಡೋ ಅಕ್ಕಾರು ಹಿಂದಕ ಎಸ್ಸೆಸ್ಸೆಲ್ಸಿಯೊಳಗ ಇಂಗ್ಲಿಷ್ ಒಂದರಾಗ ಫೇಲಾದವರು. ಅದೊಂದು ಪಾಸಾದ್ರ ಹಾಸ್ಟೆಲಿನ ಕಾಯಂ ಅಡಿಗಿ ನೌಕರಿಗೆ ಅರ್ಜಿ ಹಾಕಬಹುದು. ವಯಸ್ಸು ಮೀರಾಕ ಬಂದಿತ್ತು, ಇದೇ ಕಡೀ ಪರೀಕ್ಷಾ. ಸಾರು ಕುದಿಯಾಕ ಇಟ್ಟು ಬಂದು ನನ್ನ ಕ್ಲಾಸಿನ ಹಿಂದಿನ ಬೆಂಚಿನ್ಯಾಗ ಕೂಡತಿದ್ರು.

"ನಿಮ್ಮ ಮನಿಯವರ ಮ್ಯಾಲೆ ಒಂದು ವಾಕ್ಯ ಬರೀರಿ" ಅಂದೆ. "ಉಳ್ಳಾಗಡ್ಡಿ ಮಾರ್ತಾರ" ಅನ್ನೂದನ್ನ ಇಂಗ್ಲಿಷಿನ್ಯಾಗ ಛಲೋ ಬರದಿದ್ರು. ವಾಕ್ಯದ ಮೊದಲಿನ ಜಾಗಾ ಮಾತ್ರ ಖಾಲಿ.

"ಅಕ್ಕಾರ, ಸಬ್ಜೆಕ್ಟ್ ಎಲ್ರಿ?"

"ಗಂಗಾವತಿ ಸಂತಿಗೆ ಹೋಗ್ಯಾರ್ರಿ."

ಗಂಡನ ಹೆಸರು ಬಾಯಾಗ ತರೂದಿಲ್ಲ, ಬರಿಯೂದಂತೂ ದೂರದ ಮಾತು. "ಹಂಗಾರ ಫ್ರೇಸ್ ಬರೀರಿ. ಹೆಸರು ಬಿಟ್ಟು ನಾಕು ಮಾತಿನ್ಯಾಗ ಆ ಮನಿಷಾನ್ನ ತೋರಸೂದು. 'ನನ್ನ ಮಗಳ ಅಪ್ಪ' ಅಂದ್ರ ಅದು ನೌನ್ ಫ್ರೇಸು" ಅಂದೆ.

"ಅಯ್ಯ ಸರ, ಲಗ್ನ ಆದಾಗಿಂದ ಅದನ್ನೇ ಮಾಡಾಕತ್ತೀನಿ. ಅದು ಇಂಗ್ಲಿಷ್ ಅಂತ ಯಾರೂ ಹೇಳೇ ಇಲ್ಲ!"

೩. ಅಲ್ಲಿಗೂ ಬಂದಿದ್ರು

ಪರೀಕ್ಷಾದ ಮರುದಿನ ಅಕ್ಕಾರ ಮಾರಿ ಸಣ್ಣದಾಗಿತ್ತು.

"ಸರ, ಅಲ್ಲಿಗೂ ಅವರು ಬಂದಿದ್ರು."

"ಪರೀಕ್ಷಾ ಹಾಲಿಗೇನು?"

"ಪ್ರಶ್ನೆಪತ್ರಿಕಿಗೆ!" ಅಂತ ಪತ್ರಿಕಿ ಮ್ಯಾಲೆ ಬೆರಳಿಟ್ಟು ತೋರಿಸಿದ್ರು. 'ಶರಣಪ್ಪ ಟ್ರ್ಯಾಕ್ಟರ್ ಹೊಡೀತಾನ' ಅಂತ ಇಂಗ್ಲಿಷಿನ್ಯಾಗಿತ್ತು, ಅದರ ಸಬ್ಜೆಕ್ಟ್ ಆರಿಸಿ ಬರೀಬೇಕು. ಅಕ್ಕಾರ ಗಂಡನ ಹೆಸರೂ ಶರಣಪ್ಪ.

ನಾನು ಗಡಬಡಿಸಿ ಕೇಳಿದೆ: "ಮಗಳ ಅಪ್ಪ ಅಂತ ಬರದ್ರೇನು?"

"ಹಂಗ ಬರದ್ರ ಮಾರ್ಕ್ಸ್ ಹೋಗತಾವಲ್ರಿ. ಭಾಳ ಹೊತ್ತು ಕುಂತು ವಿಚಾರ ಮಾಡಿ ಹೆಸರೇ ಬರದೆ. ಬರದು, ತಪ್ಪಾತು ಅಂತ ಕೈ ಮುಗದೆ. ಕಾಯಾಕ ನಿಂತ ಮೇಡಂ ಬಂದು, 'ಪತ್ರಿಕಿಗೆ ಯಾಕ ಬೇಡ್ಕೊಂತೀರಿ, ತಿದ್ದೋರು ಬ್ಯಾರೆ ಅದಾರ' ಅಂದ್ರು."

ರಿಸಲ್ಟ್ ಬಂತು. ಬೇಕಾದಷ್ಟೇ ಮಾರ್ಕ್ಸ್, ಒಂದು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ. ಪಾಸು! ನನಗೂ ಖರೇನ ಖುಷಿ ಆತು. ಗಂಡ ಹೆಂಡತಿ ಪೇಡೆ ತಗೊಂಡು ಸಾಲಿಗೆ ಬಂದ್ರು. ಶರಣಪ್ಪನವರು ಮೀಸಿ ತೀಡಿ, "ನೋಡ್ರಿ ಸರ, ನನ್ನ ಹೆಸರು ಬರದಾಳ, ಅದಕ್ಕ ಪಾಸಾದ್ಲು!" ಅಂದ್ರು.

ಗಂಡನ ಮುಂದ ಎಂದೂ ದನಿ ಎತ್ತದ ಅಕ್ಕಾರು ತಿರುಗಿ ನಿಂತ್ರು.

"ಏನ್ರೀ, ಪಾಸಾದಾಕಿ ನಾನು. ಈ ವಾಕ್ಯಕ್ಕ ಸಬ್ಜೆಕ್ಟ್ ನಾನು. ನೀವು ಪ್ರೆಡಿಕೇಟಿನ್ಯಾಗ ಬರ್ರಿ."

ಶರಣಪ್ಪನವರು ಪೇಡೆ ಡಬ್ಬಿ ಹಿಡಕೊಂಡೇ ನನ್ನ ಕಡೆ ಸರದು ಮೆಲ್ಲಕ ಕೇಳಿದ್ರು: "ಸರ, ಪ್ರೆಡಿಕೇಟ್ ಅಂದ್ರ ಯಾರ್ರಿ?"

"ಉಳಿದವರೆಲ್ಲಾ" ಅಂದೆ.